ದೊಡ್ಡ ವಿಮಾನ, ಸಣ್ಣ ಓಣಿ

ಹುಬ್ಬಳ್ಳಿಯ ನಿಲ್ದಾಣಕ್ಕೆ ಇನ್ನೂ ದೊಡ್ಡ ವಿಮಾನಗಳು ಬರಬೇಕೆಂಬ ಬೇಡಿಕೆ ನಮ್ಮ ಭಾಗದ ವೇದಿಕೆಗಳಿಂದ ಆಗಾಗ ಕೇಳಿಬರುತ್ತದೆ. ಬೇಡಿಕೆಯಲ್ಲಿ ತಪ್ಪೇನೂ ಇಲ್ಲ. ಗದಗಿನಿಂದ ಸುಮಾರು 60 ಕಿಲೋಮೀಟರಿನ ಈ ನಿಲ್ದಾಣವೇ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರಿಗೂ ಅನುಕೂಲದ್ದು. ಆದರೆ ಬೇಡಿಕೆಯ ಬೆನ್ನಿಗೇ ಕೇಳಬೇಕಾದ ಪ್ರಶ್ನೆಯೊಂದನ್ನು ವೇದಿಕೆಯ ಮೇಲಿನ ಯಾರೂ ಕೇಳಿದ್ದು ನಮ್ಮ ಕಿವಿಗೆ ಬಿದ್ದಿಲ್ಲ. ದೊಡ್ಡ ವಿಮಾನ ಇಳಿಯಲು ಉದ್ದನೆಯ ರನ್‌ವೇ ಬೇಕು, ಒಪ್ಪೋಣ. ಇಳಿದ ಮೇಲೆ ಅದು ನಡೆದು ಹೋಗುವ ದಾರಿ ಎಷ್ಟು ಅಗಲವಿದೆ? ಆ ದಾರಿಯ ನೆಲ ಎಷ್ಟು ಭಾರ ತಡೆಯುತ್ತದೆ? ಅದರ ರೆಕ್ಕೆಯ ತುದಿಯನ್ನು ಕಾಯುವ ಕೂಲಿಯವನು ದಿನಕ್ಕೆ ಎಷ್ಟು ತಾಸು ನಿಂತಿರುತ್ತಾನೆ?

ಗಿರಣಿಯವರಿಗೂ ಅಂಗಡಿಕಾರರಿಗೂ ವಿಮಾನದ ಗೊಡವೆ ಏಕೆಂದು ಕೆಲವರು ಹುಬ್ಬೇರಿಸಬಹುದು. ಸಣ್ಣ ಊರುಗಳ ವಿಮಾನಗಳಿಗೆ ಉಡಾನ್ ಯೋಜನೆಯಲ್ಲಿ 2017ರಿಂದ ಸಹಾಯಧನ ಹೋಗುತ್ತಿರುವುದು ಸಾರ್ವಜನಿಕರ ಜೇಬಿನಿಂದಲೇ ಎಂಬುದೊಂದು ಉತ್ತರ. ಇನ್ನೊಂದು ಉತ್ತರ ಹೆಚ್ಚು ಹತ್ತಿರದ್ದು. ಇಂದು ಇಂಥ ನಿಲ್ದಾಣಗಳಲ್ಲಿ ಸಾಮಾನು ಹೇರುವವರು, ಗಾಲಿಗೆ ಅಡ್ಡಗಟ್ಟೆ ಇಡುವವರು, ಕೋಲು ಬೀಸಿ ದಾರಿ ತೋರಿಸುವವರು ನಮ್ಮ ನಿಮ್ಮಂಥ ಮನೆಗಳ ಹುಡುಗರೇ. ಅವರಲ್ಲಿ ಅನೇಕರು ಗುತ್ತಿಗೆಯವರು. ಅಪಘಾತವಾದ ದಿನ ಪತ್ರಿಕೆಗಳು ಪ್ರಯಾಣಿಕರ ಲೆಕ್ಕ ಕೊಡುತ್ತವೆ. ನೆಲದ ಮೇಲೆ ನಿಂತವನ ಲೆಕ್ಕ ಕೊನೆಯ ಸಾಲಿಗೆ ಬರುತ್ತದೆ, ಇಲ್ಲವೆ ಬರುವುದೇ ಇಲ್ಲ.

ವಿಮಾನವು ತನ್ನ ಗಾಲಿಗಳ ಮೇಲೆ ನೆಲದಲ್ಲಿ ಉರುಳಿಕೊಂಡು ಹೋಗುವುದಕ್ಕೆ ಟ್ಯಾಕ್ಸಿ ಮಾಡುವುದು ಎನ್ನುತ್ತಾರೆ. ಅದು ಸಾಗುವ ದಾರಿ ಟ್ಯಾಕ್ಸಿವೇ, ನಿಲ್ಲುವ ಕಟ್ಟೆ ಏಪ್ರನ್. ಆಕಾಶದಲ್ಲಿ ಹದ್ದಿನಂತೆ ಹಾರುವ ಪ್ರಾಣಿ ನೆಲಕ್ಕೆ ಬಂದೊಡನೆ ಎಷ್ಟು ಅಸಹಾಯಕವಾಗುತ್ತದೆಂಬುದನ್ನು ನೋಡಿದವರೇ ಬಲ್ಲರು. ನಮ್ಮ ನೆರೆಹೊರೆಯ ಉದಾಹರಣೆಗಳನ್ನೇ ತೆಗೆದುಕೊಳ್ಳೋಣ. 2019ರ ಜೂನ್ 30ರಂದು ದುಬೈಯಿಂದ 183 ಪ್ರಯಾಣಿಕರನ್ನು ಹೊತ್ತು ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬೋಯಿಂಗ್ ವಿಮಾನ ಮಂಗಳೂರಿನಲ್ಲಿ ನೆಲಕ್ಕೆ ಮುಟ್ಟಿತು. ಮಳೆಗಾಲದ ನೆನೆದ ರನ್‌ವೇ ದಾಟಿ ಟ್ಯಾಕ್ಸಿವೇಗೆ ಹೊರಳುವಲ್ಲಿ ದಾರಿ ಬಿಟ್ಟು ಮೆತ್ತನೆಯ ಮಣ್ಣಿಗಿಳಿಯಿತು. ಗಾಲಿಗಳು ಹೂತು ಕುಳಿತವು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2017ರ ಸೆಪ್ಟೆಂಬರಿನಲ್ಲಿ, ಅದೇ ಸಂಸ್ಥೆಯ ವಿಮಾನ ಅಬುಧಾಬಿಯಿಂದ ಬಂದು ಕೊಚ್ಚಿಯಲ್ಲಿ ಇಳಿಯಿತು. ಕತ್ತಲು, ಜೋರು ಮಳೆ. ತಿರುಗಬೇಕಾದ ಸ್ಥಳಕ್ಕಿಂತ ಮೊದಲೇ ತಿರುಗಿ ಮಳೆನೀರಿನ ಚರಂಡಿಗೆ ಮೂಗು ಊರಿತು. ಒಳಗಿದ್ದ 102 ಪ್ರಯಾಣಿಕರನ್ನು ಸುರಕ್ಷಿತವಾಗಿ ಇಳಿಸಲಾಯಿತು. 2021ರ ಫೆಬ್ರವರಿಯಲ್ಲಿ ವಿಜಯವಾಡದ ಗನ್ನವರಂನಲ್ಲಿ ದೋಹಾದಿಂದ ಬಂದ ವಿಮಾನ ಕಟ್ಟೆಯತ್ತ ಸಾಗುತ್ತಿರುವಾಗ ಅದರ ರೆಕ್ಕೆ ದೀಪದ ಕಂಬಕ್ಕೆ ಬಡಿಯಿತು. ಇಳಿಯುವ ಕಠಿಣ ಕೆಲಸ ಮುಗಿದಿತ್ತು. ನಿಧಾನವಾಗಿ ಉರುಳಿ ನಿಲ್ಲುವುದಷ್ಟೇ ಬಾಕಿ, ಎಡವಿದ್ದು ಅಲ್ಲೇ.

ಹುಬ್ಬಳ್ಳಿಯೂ ಒಂದು ಪಾಠ ಕಂಡಿದೆ. 2015ರ ಮಾರ್ಚ್ 8ರಂದು ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್ ವಿಮಾನ ಇಳಿದ ಮೇಲೆ ರನ್‌ವೇಯ ಪಕ್ಕಕ್ಕೆ ಜಾರಿತು. ಗಾಲಿಯ ಕಾಲು ಮುರಿದು ರೆಕ್ಕೆ ಓರೆಯಾಗಿ ಕುಳಿತಿತು. ಒಳಗಿದ್ದ 78 ಪ್ರಯಾಣಿಕರೂ ಸಿಬ್ಬಂದಿಯೂ ಬದುಕಿ ಬಂದರು. ಅದು ಟ್ಯಾಕ್ಸಿಯ ಅಪಘಾತವಲ್ಲ, ಇಳಿಯುವಾಗಿನದು. ಆದರೂ ಹೇಳುತ್ತಿದ್ದೇವೆ, ಏಕೆಂದರೆ ಅದು ದೊಡ್ಡ ವಿಮಾನವೂ ಆಗಿರಲಿಲ್ಲ. 30 ಟನ್ನಿನೊಳಗಿನ, ಪಂಕಗಳ ಎಂಜಿನ್ನಿನ ಬೊಂಬಾರ್ಡಿಯರ್ ಅದು. ಆ ಬಳಿಕ ರನ್‌ವೇ ಉದ್ದವಾಯಿತು, 2017ರ ಡಿಸೆಂಬರಿನಲ್ಲಿ ಹೊಸ ಕಟ್ಟಡದ ಉದ್ಘಾಟನೆಯಾಯಿತು, 2022ರ ನವೆಂಬರಿನಲ್ಲಿ ದಿಲ್ಲಿಗೆ ನೇರ ಏರ್‌ಬಸ್ ಸಂಚಾರ ಸುರುವಾಯಿತು.

ಇಲ್ಲಿ ತುಸು ಲೆಕ್ಕ ಹಾಕೋಣ. ಅಡತಿ ಅಂಗಡಿಯವರಿಗೆ ಲೆಕ್ಕ ಹೊಸದಲ್ಲ. ಸಣ್ಣ ಊರುಗಳಿಗೆ ಬರುವ ಎಟಿಆರ್ 72 ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ 27 ಮೀಟರು. ತುಂಬಿದ ತೂಕ ಸುಮಾರು 23 ಟನ್ನು. ಬೋಯಿಂಗ್ 737-800 ಆಗಲಿ ಏರ್‌ಬಸ್ ಎ320 ಆಗಲಿ, ರೆಕ್ಕೆ ಸುಮಾರು 36 ಮೀಟರು, ತೂಕ 79 ಟನ್ನಿನವರೆಗೆ. ರೆಕ್ಕೆ ಮೂರನೆಯ ಒಂದು ಪಾಲು ಹೆಚ್ಚಿತು, ತೂಕ ಮಾತ್ರ ಮೂರು ಪಟ್ಟು ಮೀರಿತು. ಈ ತೂಕದ ಹೆಚ್ಚಿನ ಪಾಲನ್ನು ಹೊರುವುದು ಹೊಟ್ಟೆಯ ಕೆಳಗಿನ ನಾಲ್ಕೇ ಗಾಲಿ. ತುಂಬಿ ನಿಂತಾಗ ಒಂದೊಂದು ಗಾಲಿಯ ಮೇಲೆ 18 ಟನ್ನಿಗೂ ಮೇಲ್ಪಟ್ಟ ಭಾರ ಬೀಳುತ್ತದೆ. ಹತ್ತಿಯ ಅಂಡಿಗೆ ಹೊತ್ತು ನಮ್ಮ ಮಾರುಕಟ್ಟೆಗೆ ಬರುವ ಲಾರಿಯ ಹಿಂದಿನ ಒಂದು ಟಾಯರಿಗೆ ಕಾಯ್ದೆಯಂತೆ ಮೂರು ಟನ್ನಿಗಿಂತ ಕಡಿಮೆ. ಅಂದರೆ ಆರು ಲಾರಿ ಟಾಯರುಗಳ ಭಾರ ಒಂದೇ ಗಾಲಿಯ ಕೆಳಗೆ, ಒಂದು ಸಣ್ಣ ಚಾಪೆಯಷ್ಟೂ ಇಲ್ಲದ ಜಾಗದಲ್ಲಿ ಕೂರುತ್ತದೆ. ಮಳೆ ಬಿದ್ದ ಎರೆ ಹೊಲದಲ್ಲಿ ತುಂಬಿದ ಚಕ್ಕಡಿಯ ಗಾಲಿ ಅಚ್ಚಿನವರೆಗೆ ಇಳಿಯುವುದನ್ನು ಕಂಡ ಶಿರಹಟ್ಟಿ-ಮುಂಡರಗಿಯ ರೈತನಿಗೆ ಇದಕ್ಕೆ ಬೇರೆ ವ್ಯಾಖ್ಯಾನ ಬೇಡ. ಟ್ಯಾಕ್ಸಿವೇಯ ಅಂಚು ದಾಟಿದರೆ ವಿಮಾನಕ್ಕೂ ಅದೇ ಗತಿ. ಎಳೆದು ತೆಗೆಯಲು ಮಾತ್ರ ಎರಡು ಜೋಡಿ ಎತ್ತು ಸಾಲವು.

ಇದಕ್ಕಾಗಿಯೇ ಪ್ರತಿ ವಿಮಾನಕ್ಕೂ ಅದು ನೆಲವನ್ನು ಎಷ್ಟು ದಂಡಿಸುತ್ತದೆಂಬ ಒಂದು ಅಂಕಿ, ಪ್ರತಿ ನಿಲ್ದಾಣದ ನೆಲಕ್ಕೂ ಅದು ಎಷ್ಟು ತಾಳುತ್ತದೆಂಬ ಇನ್ನೊಂದು ಅಂಕಿ ಇರುತ್ತದೆ. ವಿಮಾನದ ಅಂಕಿ ನೆಲದ ಅಂಕಿಯನ್ನು ಮೀರಬಾರದು. 2024ರ ನವೆಂಬರಿನಿಂದ ಜಗತ್ತಿನಾದ್ಯಂತ ಈ ಲೆಕ್ಕದ ಪದ್ಧತಿಯನ್ನು ಬದಲಿಸಿ ಇನ್ನಷ್ಟು ಸೂಕ್ಷ್ಮಗೊಳಿಸಲಾಗಿದೆ. ಅಂಕಿ ಮೀರಿದೊಡನೆ ನೆಲ ಬಾಯಿ ಬಿಡುವುದೆಂದಲ್ಲ. ಇಂದು ಕೂದಲೆಳೆಯ ಬಿರುಕು, ನಾಳೆ ಕಿತ್ತ ಜಲ್ಲಿ, ನಾಡಿದ್ದು ಆ ಜಲ್ಲಿಯನ್ನು ನುಂಗಿದ ಎಂಜಿನ್ನು. ಜಿನ್ನಿಂಗ್ ಕಾರಖಾನೆಯಲ್ಲಿ ಹತ್ತಿಯೊಡನೆ ಒಂದು ಮೊಳೆ ಒಳಹೋದರೆ ಏನಾಗುವುದೆಂದು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ತಿರುವಿನ ವಿಷಯ. ಕಪ್ಪತಗುಡ್ಡದ ಸೀಮೆಗೆ ಗಾಳಿಯಂತ್ರಗಳ ರೆಕ್ಕೆ ಹೊತ್ತ ಉದ್ದನೆಯ ಟ್ರೇಲರುಗಳು ಬಂದಾಗ ನಮ್ಮ ಊರುಗಳ ಮೂಲೆಗಳಲ್ಲಿ ಏನು ನಡೆಯಿತೆಂಬುದನ್ನು ಓದುಗರು ನೆನೆಯಬೇಕು. ಎಂಜಿನ್ನು ಮೂಲೆ ದಾಟಿದರೂ ಹಿಂದಿನ ಗಾಲಿ ಒಳಮೈಗೆ ಕೊಯ್ದುಕೊಂಡು ಬಂದು ಚಹದಂಗಡಿಯ ಮೆಟ್ಟಿಲು ಹತ್ತುತ್ತಿತ್ತು. ರೆಕ್ಕೆಯ ಬಾಲ ಎದುರಿನ ಮಾಳಿಗೆಯತ್ತ ಬೀಸುತ್ತಿತ್ತು. ಚಾಲಕನಿಗೆ ತನ್ನ ಹಿಂದಿನದು ಕಾಣುವುದಿಲ್ಲ. ಹಿಂದೆ ನಡೆಯುವವನು ಕೂಗಬೇಕು, ಮುಂದೆ ಕೆಂಪು ಬಾವುಟ ಹಿಡಿದವನು ದಾರಿ ಬಿಡಿಸಬೇಕು. ದೊಡ್ಡ ವಿಮಾನದ ಪಾಡು ಇದೇ. ಜಂಬೋ ಜೆಟ್ಟೆಂದು ಕರೆಯುವ ಬೋಯಿಂಗ್ 747ರಲ್ಲಿ ಪೈಲಟನು ಮೂರು ಅಂತಸ್ತಿನ ಎತ್ತರದಲ್ಲಿ ಕುಳಿತಿರುತ್ತಾನೆ, ಮೂಗಿನ ಗಾಲಿ ಅವನ ಬೆನ್ನ ಹಿಂದೆ ಕೆಳಗೆಲ್ಲೋ ಇರುತ್ತದೆ. ತಿರುವು ಬಂದಾಗ ತಾನು ಮುಂದಕ್ಕೆ ದಾಟಿಹೋದ ಮೇಲೆ ಗಾಲಿಯನ್ನು ತಿರುಗಿಸಬೇಕು. ಅವನ ಕಿಟಕಿಯಿಂದ ಸ್ವಂತ ರೆಕ್ಕೆಯ ತುದಿ ಕಾಣಿಸದು. ಸಣ್ಣ ವಿಮಾನಗಳಿಗೆ ಹಾಕಿದ ಟ್ಯಾಕ್ಸಿವೇ 15 ಮೀಟರು ಅಗಲವಿದ್ದರೆ ಸಾಕು. ಈ ದೈತ್ಯಕ್ಕೆ 23 ಮೀಟರು ಬೇಕು. ಅಷ್ಟಿದ್ದರೂ ರೆಕ್ಕೆಯ ಹೊರಗಿನ ಎಂಜಿನ್ನುಗಳು ದಾರಿಯ ಆಚೆ ಹುಲ್ಲಿನ ಮೇಲೆ ಜೋತಾಡುತ್ತಿರುತ್ತವೆ. ಪಕ್ಕದ ಭುಜವನ್ನು ಗಟ್ಟಿ ಮಾಡದಿದ್ದರೆ ಕಲ್ಲು ಧೂಳನ್ನು ಮುಂದಿನಿಂದ ಹೀರಿ ಹಿಂದಿನಿಂದ ಉಗುಳುತ್ತವೆ. ನಿಂತ ವಿಮಾನವನ್ನು ಕದಲಿಸಲು ಎಂಜಿನ್ನಿಗೆ ಹೆಚ್ಚು ಬಲ ಕೊಡಬೇಕಾಗುತ್ತದೆ. ಆಗ ಹಿಂದೆ ಬೀಸುವ ಗಾಳಿಗೆ ಏಣಿ, ಗಾಡಿ, ಮನುಷ್ಯ ಯಾವುದೂ ಲೆಕ್ಕವಲ್ಲ. ಅಗಲ ಕಟ್ಟೆಯಲ್ಲಿ ಈ ಗಾಳಿ ಬಯಲಿಗೆ ಹೋಗುತ್ತದೆ, ಇಕ್ಕಟ್ಟಿನಲ್ಲಿ ಮನುಷ್ಯರ ಮೇಲೆ ಹೋಗುತ್ತದೆ.

ದೊಡ್ಡ ನಿಲ್ದಾಣದಲ್ಲಿಯೂ ಸಣ್ಣ ಓಣಿಗಳಿರುತ್ತವೆ ಎಂಬುದಕ್ಕೆ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಸಾಕ್ಷಿ. 2013ರ ಡಿಸೆಂಬರ್ 22ರ ರಾತ್ರಿ ಬ್ರಿಟಿಷ್ ಏರ್‌ವೇಸಿನ ಜಂಬೋ ತನಗೆ ಹೇಳಿದ ಅಗಲ ದಾರಿಯನ್ನು ಬಿಟ್ಟು ಪಕ್ಕದ ಕಿರಿದಾದ ದಾರಿ ಹಿಡಿಯಿತು. ರೆಕ್ಕೆ ಇಟ್ಟಿಗೆಯ ಕಚೇರಿಯೊಂದನ್ನು ಸೀಳಿಕೊಂಡು ಒಳನುಗ್ಗಿತು. ವಿಮಾನದೊಳಗಿನ ಯಾರಿಗೂ ಗಾಯವಿಲ್ಲ. ಗಾಯಗೊಂಡ ನಾಲ್ವರು ಆ ಕಚೇರಿಯೊಳಗೆ ರಾತ್ರಿಪಾಳಿಯಲ್ಲಿ ಕೆಲಸ ಮಾಡುತ್ತಿದ್ದವರು!

ಇವೆಲ್ಲ ರೆಕ್ಕೆ ಮುರಿದ, ಗಾಲಿ ಹೂತ ಕಥೆಗಳು. ಇದಕ್ಕೆ ಇಷ್ಟು ಗಾಬರಿಯೇಕೆ ಎನ್ನುವವರು ಟೆನೆರಿಫ್ ಎಂಬ ಹೆಸರನ್ನು ಕೇಳಿರಲಿಕ್ಕಿಲ್ಲ. ವಿಮಾನಯಾನದ ಚರಿತ್ರೆಯಲ್ಲಿ ಅತಿ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಅಪಘಾತ ಆಕಾಶದಲ್ಲಿ ಆದದ್ದಲ್ಲ. ಸಣ್ಣದೊಂದು ನಿಲ್ದಾಣದ ನೆಲದ ಮೇಲೆ ಎರಡು ಜಂಬೋಗಳು ಡಿಕ್ಕಿ ಹೊಡೆದದ್ದರಿಂದ ಆಯಿತು.

1977ರ ಮಾರ್ಚ್ 27, ರವಿವಾರ. ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಗ್ರಾನ್ ಕ್ಯಾನರಿಯ ದೊಡ್ಡ ನಿಲ್ದಾಣದಲ್ಲಿ ಬಾಂಬು ಸಿಡಿಯಿತು. ಅಲ್ಲಿಗೆ ಹೊರಟಿದ್ದ ವಿಮಾನಗಳನ್ನೆಲ್ಲ ಪಕ್ಕದ ಟೆನೆರಿಫ್ ದ್ವೀಪದ ಲಾಸ್ ರೋಡೆಯಾಸ್ ನಿಲ್ದಾಣಕ್ಕೆ ಕಳಿಸಿದರು. ಬೆಟ್ಟದ ಮೇಲಿನ ನಿಲ್ದಾಣ, ಒಂದೇ ರನ್‌ವೇ, ಅದರ ಪಕ್ಕಕ್ಕೆ ಒಂದೇ ಉದ್ದನೆಯ ಟ್ಯಾಕ್ಸಿವೇ. ನಿಯಂತ್ರಣ ಗೋಪುರದಲ್ಲಿ ಇದ್ದವರು ಇಬ್ಬರು. ನೆಲದ ಮೇಲಿನ ವಿಮಾನ ಕಾಣಿಸುವ ರಾಡಾರ್ ಇರಲಿಲ್ಲ. ಕಟ್ಟೆ ತುಂಬಿ, ಬಂದ ವಿಮಾನಗಳು ಟ್ಯಾಕ್ಸಿವೇಯ ಮೇಲೆಯೇ ಸಾಲಾಗಿ ನಿಂತವು. ಸಂತೆಯ ದಿನ ಲಾರಿಗಳು ರಸ್ತೆಯಲ್ಲೇ ನಿಂತಂತೆ. ಡಚ್ಚರ ಕೆಎಲ್‌ಎಂ ಜಂಬೋ ಮುಂದೆ, ಅಮೆರಿಕದ ಪ್ಯಾನ್ ಆಮ್ ಜಂಬೋ ಹಿಂದೆ. ಗ್ರಾನ್ ಕ್ಯಾನರಿ ಮತ್ತೆ ತೆರೆಯಿತೆಂಬ ಸುದ್ದಿ ಬಂದಾಗ ಪ್ಯಾನ್ ಆಮ್ ಹೊರಡಲು ಸಿದ್ಧವಿತ್ತು. ಆದರೆ ಮುಂದಿನ ಕೆಎಲ್‌ಎಂ ಎಣ್ಣೆ ತುಂಬಿಸಿಕೊಳ್ಳಲು ನಿಂತುಬಿಟ್ಟಿತು. ಪಕ್ಕದಿಂದ ದಾಟಿ ಹೋಗಬಹುದೇ ಎಂದು ಪ್ಯಾನ್ ಆಮ್ ಸಿಬ್ಬಂದಿ ಕೆಳಗಿಳಿದು ಜಾಗ ಅಳೆದರು. ಸುಮಾರು 12 ಅಡಿ ಕಡಿಮೆ ಬಿತ್ತು.

ಆ ಹನ್ನೆರಡು ಅಡಿ ಜಾಗವಿದ್ದಿದ್ದರೆ ಪ್ಯಾನ್ ಆಮ್ ಮೊದಲೇ ಹಾರಿಹೋಗುತ್ತಿತ್ತು. ಕಾದಿತು. ಅಷ್ಟರಲ್ಲಿ ಬೆಟ್ಟದ ಮೋಡ ರನ್‌ವೇಯ ಮೇಲೆ ಇಳಿಯಿತು. ಟ್ಯಾಕ್ಸಿವೇ ಕಟ್ಟಿಕೊಂಡಿದ್ದರಿಂದ ಎರಡೂ ವಿಮಾನಗಳು ರನ್‌ವೇಯ ಮೇಲೆಯೇ ಹಿಂದಕ್ಕೆ ಉರುಳಿ ಹೋಗಬೇಕಾಯಿತು. ಕೆಎಲ್‌ಎಂ ತುದಿಗೆ ಹೋಗಿ ತಿರುಗಿ ನಿಂತಿತು. ಅದರ ಹಿಂದೆ ಬರುತ್ತಿದ್ದ ಪ್ಯಾನ್ ಆಮಿಗೆ ಮೂರನೆಯ ಓಣಿಯಲ್ಲಿ ಹೊರಳಿ ಹೋಗೆಂದು ಗೋಪುರದವರು ಹೇಳಿದರು. ಆ ಓಣಿಗೆ ಹೊರಳಬೇಕಾದರೆ 148 ಡಿಗ್ರಿ, ಎಂದರೆ ಹೆಚ್ಚುಕಡಿಮೆ ಹಿಂದಕ್ಕೇ ತಿರುಗಬೇಕು. ಸಣ್ಣ ವಿಮಾನಗಳಿಗೆ ಹಾಕಿದ ಓಣಿ ಅದು. ಮಂಜಿನಲ್ಲಿ ಪ್ಯಾನ್ ಆಮ್ ಅದನ್ನು ಬಿಟ್ಟು ನಾಲ್ಕನೆಯದರತ್ತ ಸಾಗುತ್ತಿತ್ತು. ರೇಡಿಯೋದಲ್ಲಿ ಎರಡು ಮಾತು ಏಕಕಾಲಕ್ಕೆ ಬಂದು ಸಿಳ್ಳಾಗಿ ಕಲಸಿಹೋದವು. ಹಾರಲು ಅಪ್ಪಣೆ ಸಿಗುವ ಮೊದಲೇ ಕೆಎಲ್‌ಎಂ ಓಟ ಸುರುಮಾಡಿತು. 583 ಜನ ಸತ್ತರು. ಕೆಎಲ್‌ಎಂನಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಪ್ಯಾನ್ ಆಮ್‌ನಿಂದ ಬದುಕಿ ಬಂದವರು 61 ಜನ.

ಡಚ್ ಕಪ್ತಾನನ ಅವಸರವೇ ಕಾರಣವೆಂದು ವಿಚಾರಣೆ ಹೇಳಿತು. ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಇಂಥ ತೀರ್ಪುಗಳನ್ನು ಓದುವಾಗ ಗಿರಣಿಯ ಜನರಿಗೆ ಒಂದು ಹಳೆಯ ರಾಗ ಕೇಳಿಸದಿರದು. ಯಂತ್ರಕ್ಕೆ ಕೈ ಸಿಕ್ಕಿ ಬೆರಳು ಹೋದರೆ ವರದಿಯಲ್ಲಿ ಬರೆಯುವುದು ಕಾರ್ಮಿಕನ ಅಲಕ್ಷ್ಯ; ಯಂತ್ರಕ್ಕೆ ಬೇಲಿ ಇರಲಿಲ್ಲವೆಂಬುದನ್ನು ಬರೆಯಲು ಹಾಳೆಯಲ್ಲಿ ಜಾಗ ಉಳಿದಿರುವುದಿಲ್ಲ. ಅವಸರದ ಮನುಷ್ಯ ಎಲ್ಲ ಕಾಲಕ್ಕೂ ಇರುತ್ತಾನೆ. ಅವನ ಅವಸರವನ್ನು ತಡೆದುಕೊಳ್ಳುವಷ್ಟು ಅಗಲ, ಬೆಳಕು, ಜನ ಅಲ್ಲಿ ಇದ್ದರೇ ಎಂಬುದನ್ನು ಕೇಳಬೇಡವೇ? ನಮ್ಮ ಮಂಗಳೂರಿನಲ್ಲಿ 2010ರ ಮೇ 22ರಂದು 158 ಜನ ಸತ್ತಾಗಲೂ ಕಪ್ತಾನನ ತಪ್ಪನ್ನೇ ಮುಖ್ಯ ಕಾರಣವೆಂದು ಬರೆಯಲಾಯಿತು. ರನ್‌ವೇಯ ಕೊನೆಯಲ್ಲಿ ಸುರಕ್ಷೆಗೆ ಬಿಟ್ಟ ಜಾಗ 90 ಮೀಟರು ಮಾತ್ರ. 240 ಮೀಟರು ಇರಬೇಕೆಂಬುದು ಅಂತರರಾಷ್ಟ್ರೀಯ ಶಿಫಾರಸು. ಗುಡ್ಡದ ತುದಿಯಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು ಎಂಬ ಉತ್ತರ ಸಿಗಬಹುದು. ಸತ್ತವರಲ್ಲಿ ಹೆಚ್ಚಿನವರು ಕೊಲ್ಲಿ ದೇಶಗಳಲ್ಲಿ ದುಡಿದು ಮನೆಗೆ ಬರುತ್ತಿದ್ದವರೆಂಬುದು ಮಾತ್ರ ಆ ಉತ್ತರದಿಂದ ಬದಲಾಗದು.

ನೆಲದ ಮೇಲಿನ ಕೆಲಸಗಾರರ ಮಾತಿಗೆ ಮರಳೋಣ. 2015ರ ಡಿಸೆಂಬರ್ 16ರಂದು ಮುಂಬಯಿಯಲ್ಲಿ ಏರ್ ಇಂಡಿಯಾದ ಏರ್‌ಬಸ್ಸೊಂದನ್ನು ಹಿಂದಕ್ಕೆ ದೂಡಿ ನಿಲ್ಲಿಸಿದ್ದರು. ನೆಲದ ತಂಡ ದೂರ ಸರಿಯುವ ಮೊದಲೇ ವಿಮಾನ ಕದಲಿತು. ತಂತ್ರಜ್ಞನೊಬ್ಬನನ್ನು ಎಂಜಿನ್ನು ಒಳಗೆ ಸೆಳೆದುಕೊಂಡಿತು. 2019ರ ಜುಲೈಯಲ್ಲಿ ಕೊಲ್ಕತ್ತದಲ್ಲಿ ನಿಂತಿದ್ದ ಸ್ಪೈಸ್‌ಜೆಟ್ ವಿಮಾನದ ಗಾಲಿಮನೆಯ ಬಾಗಿಲು ಮುಚ್ಚಿಕೊಂಡು ಇನ್ನೊಬ್ಬ ತರುಣ ತಂತ್ರಜ್ಞ ಸತ್ತ. ಇವು ದೇಶದ ದೊಡ್ಡ ನಿಲ್ದಾಣಗಳು. ತರಬೇತಿ, ಮೇಲ್ವಿಚಾರಣೆ, ಸಂಘಟನೆ ಇರುವ ಕಡೆ. ದಿನಕ್ಕೆ ಕೆಲವೇ ವಿಮಾನ ಬರುವ ಸಣ್ಣ ನಿಲ್ದಾಣದಲ್ಲಿ ಖರ್ಚು ಉಳಿಸುವ ಮೊದಲ ಕತ್ತರಿ ಎಲ್ಲಿ ಬೀಳುವುದೆಂದು ಊಹಿಸಲು ಕಷ್ಟವಿಲ್ಲ. ಎರಡು ರೆಕ್ಕೆಗೆ ಇಬ್ಬರು ನಡೆಯಬೇಕಾದಲ್ಲಿ ಒಬ್ಬನೇ ಸಾಕೆನ್ನುವುದು, ಸಾಮಾನು ಇಳಿಸುವವನ ಕೈಗೇ ಕೋಲು ಕೊಡುವುದು ಇಂಥ ಕಡೆಯೇ ಸುರುವಾಗುತ್ತದೆ.

ನಮ್ಮ ಊರುಗಳ ತೇರನ್ನು ನೋಡಿ. ಮಿಣಿ ಎಳೆಯಲು ಊರಿಗೆ ಊರೇ ಬರುತ್ತದೆ. ಆದರೆ ತೇರು ಓಣಿಯಲ್ಲಿ ಸರಿಯಾಗಿ ಹೊರಳುವುದು ಗಾಲಿಗೆ ಸನ್ನೆ ಕೊಡುವ ನಾಲ್ಕಾರು ಜನರ ಕೈಚಳಕದಿಂದ. ಅವರು ಬೆನ್ನು ಬಗ್ಗಿಸಿ ಗಾಲಿಯ ಬಾಯಲ್ಲೇ ಇರುತ್ತಾರೆ; ಕೂಗು ಒಂದು ಕ್ಷಣ ತಡವಾದರೆ ಹೋಗುವುದು ಅವರದೇ ಪ್ರಾಣ. ಅದನ್ನು ಬಲ್ಲ ಹಿರಿಯರು ಆ ಕೆಲಸವನ್ನು ಕೈಗೆ ಸಿಕ್ಕವನಿಗೆ ಕೊಡುವುದಿಲ್ಲ. ಹಿಂದಿನ ದಿನವೇ ದಾರಿ ನೋಡುತ್ತಾರೆ, ತಗ್ಗು ತುಂಬಿಸುತ್ತಾರೆ, ಅಡ್ಡ ಬರುವ ವಿದ್ಯುತ್ ತಂತಿ ಬಿಚ್ಚಿಸುತ್ತಾರೆ. ತೇರನ್ನು ಎತ್ತರ ಮಾಡಿಸಿ ಓಣಿಯನ್ನು ಹಾಗೆಯೇ ಬಿಟ್ಟ ಪಂಚರನ್ನು ಊರು ಸುಮ್ಮನೆ ಬಿಟ್ಟೀತೇ?

ರೈಲಿನವರೂ ಈ ಕ್ರಮವನ್ನು ಅರಿತಿದ್ದರು. ಗದಗ ಜಂಕ್ಷನ್ನಿನಿಂದ ಹೋಟಗಿಯ ಕಡೆಗೆ ಒಂದು ಮೀಟರಿನ ಸಣ್ಣ ಹಳಿ ಇದ್ದಷ್ಟು ಕಾಲ ಅದರ ಮೇಲೆ ದೊಡ್ಡ ಎಂಜಿನ್ನು ಓಡಿಸಿರೆಂದು ಯಾವ ಪುಢಾರಿಯೂ ಭಾಷಣ ಮಾಡಲಿಲ್ಲ. ಹಳಿ ಅಗಲವಾಗಲಿ ಎಂದು ದಶಕಗಟ್ಟಲೆ ಕೂಗಿದೆವು. ಅಗಲವಾದ ಮೇಲೆ ದೊಡ್ಡ ಗಾಡಿ ತಾನಾಗಿ ಬಂತು. ವಿಮಾನದ ವಿಷಯದಲ್ಲಿ ಮಾತ್ರ ಬೇಡಿಕೆ ತಲೆಕೆಳಗಾಗಿದೆ. ರೈಲು ಹಳಿಯ ಅಗಲ ಕಣ್ಣಿಗೆ ಕಾಣುತ್ತದೆ, ಟ್ಯಾಕ್ಸಿವೇಯ ಅಗಲ ಗೋಡೆಯ ಆಚೆ ಇರುತ್ತದೆ. ಉದ್ಘಾಟನೆಯ ಫಲಕದಲ್ಲಿ ಕಟ್ಟಡದ ಗಾಜು ಕಾಣುತ್ತದೆ, ನೆಲದ ಅಂಕಿ ಕಾಣುವುದಿಲ್ಲ.

ಹುಬ್ಬಳ್ಳಿಯ ನಿಲ್ದಾಣ ಅಪಾಯದ್ದೆಂದು ನಾವು ಸಾರುತ್ತಿಲ್ಲ. ಪರವಾನಗಿ ಪಡೆದೇ ಅಲ್ಲಿ ವಿಮಾನಗಳು ಇಳಿಯುತ್ತವೆ, ಇಳಿದವರು ಕ್ಷೇಮವಾಗಿ ಗದಗಿನ ಬಸ್ಸು ಹತ್ತುತ್ತಾರೆ. ನಮ್ಮ ಮಾತು ಮುಂದೆ ಬರಬೇಕೆಂದು ಕೇಳುತ್ತಿರುವ ವಿಮಾನಗಳದ್ದು. ಈಗಿನ ಬಗೆಯ ವಿಮಾನಗಳೇ ಏಕಕಾಲಕ್ಕೆ ಹೆಚ್ಚು ಬಂದು ನಿಂತಾಗ ರೆಕ್ಕೆಗೂ ರೆಕ್ಕೆಗೂ ಎಷ್ಟು ಅಂತರ ಉಳಿಯುತ್ತದೆಂಬುದು ಕೂಡ ಅದರಲ್ಲೇ ಬಂತು. ಮಂಜು ಕವಿದು ಬೇರೆ ಊರಿನ ವಿಮಾನಗಳನ್ನು ಅನಿರೀಕ್ಷಿತವಾಗಿ ಇಲ್ಲಿಗೆ ತಿರುಗಿಸಿದ ದಿನ ಅವನ್ನು ಎಲ್ಲಿ ನಿಲ್ಲಿಸುವರು, ಯಾವ ದಾರಿ ಖಾಲಿ ಇಡುವರು ಎಂಬುದನ್ನೂ ಮೊದಲೇ ಬರೆದಿಟ್ಟಿರಬೇಕು. ಟೆನೆರಿಫ್‌ನಲ್ಲಿ ಅದೇ ತಪ್ಪಿತ್ತು.

ಪ್ರತಿ ನಿಲ್ದಾಣಕ್ಕೂ ಲೋಕಸಭಾ ಸದಸ್ಯರ ಅಧ್ಯಕ್ಷತೆಯಲ್ಲಿ ಒಂದು ಸಲಹಾ ಸಮಿತಿ ಇರುತ್ತದೆ. ಊಟ-ಉಪಾಹಾರದ ದರ, ಪಾರ್ಕಿಂಗ್ ಶುಲ್ಕ, ಹೊಸ ಮಾರ್ಗ, ಇವೆಲ್ಲ ಅಲ್ಲಿ ಚರ್ಚೆಗೆ ಬರುವ ವಿಷಯಗಳು. ಮುಂದಿನ ಸಭೆಯಲ್ಲಿ ಟ್ಯಾಕ್ಸಿವೇಯ ಅಗಲ, ನೆಲದ ಅಂಕಿ, ಅಂಚಿನ ಭುಜದ ಸ್ಥಿತಿ, ಮಳೆನೀರಿನ ಚರಂಡಿಗಳಿಗೆ ಮುಚ್ಚಳವಿದೆಯೇ ಎಂಬುದನ್ನು ಸದಸ್ಯರೆದುರು ಓದಿ ಹೇಳಬೇಕು, ಕನ್ನಡದಲ್ಲಿ ಹೇಳಬೇಕು. ಕಟ್ಟೆಯ ಮೇಲೆ ಪ್ರತಿ ಪಾಳಿಯಲ್ಲಿ ಎಷ್ಟು ಜನರಿದ್ದಾರೆ, ಅವರಲ್ಲಿ ಗುತ್ತಿಗೆಯವರೆಷ್ಟು, ತರಬೇತಿ ಎಷ್ಟು ದಿನದ್ದು, ಗಾಯವಾದರೆ ಪರಿಹಾರ ಕೊಡುವವರು ನಿಲ್ದಾಣದವರೋ ಗುತ್ತಿಗೆದಾರನೋ ಎಂಬುದೂ ಅದೇ ಸಭೆಯ ಕಡತಕ್ಕೆ ಬರಬೇಕು. ಮಂಗಳೂರಿನ ನಿಲ್ದಾಣ 2020ರ ಅಕ್ಟೋಬರ್ 31ರಿಂದ ಅದಾನಿ ಕಂಪನಿಯ ಕೈಗೆ ಹೋಗಿದೆ. ಹುಬ್ಬಳ್ಳಿಯಲ್ಲಿ ಮಾಲಿಕರು ಯಾರೇ ಆಗಲಿ, ಈ ಲೆಕ್ಕ ಕೇಳುವ ಹಕ್ಕು ನಮ್ಮದೇ.

ಗದಗ, ಲಕ್ಷ್ಮೇಶ್ವರಗಳ ವರ್ತಕ ಬಂಧುಗಳು ದೊಡ್ಡ ವಿಮಾನಕ್ಕಾಗಿ ಮನವಿ ಒಯ್ಯುವವರಿದ್ದರೆ ಒಯ್ಯಲಿ. ಅದೇ ಹಾಳೆಯ ಕೆಳಗೆ ಈ ಪ್ರಶ್ನೆಗಳನ್ನೂ ಬರೆದು, ಉತ್ತರ ಬರವಣಿಗೆಯಲ್ಲಿ ಬೇಕೆಂದು ಕೇಳಲಿ. ಉತ್ತರ ಬಂದರೆ ಈ ಪತ್ರಿಕೆಯಲ್ಲಿ ಅಕ್ಷರಶಃ ಅಚ್ಚು ಹಾಕುತ್ತೇವೆ.